ಮೆಟ್ಟಿಲ ಬೆಟ್ಟ, ರಸ್ತೆಯ ಬೆಟ್ಟ

ಮೈಸೂರಿನಲ್ಲಿ ‘ಬೆಟ್ಟ’ ಎಂದರೆ ಸಾಕು, ಯಾವ ಬೆಟ್ಟ ಎಂದು ಯಾರೂ ತಿರುಗಿ ಕೇಳುವುದಿಲ್ಲ. ‘ಬೆಟ್ಟಕ್ಕೆ ಮಂಜು ಕೂತಿದೆ’, ‘ಬೆಟ್ಟದ ಕಡೆ ಕಪ್ಪಾಗಿದೆ, ಬಟ್ಟೆ ಒಳಗೆ ತನ್ನಿ’, ‘ಆಷಾಢದಲ್ಲಿ ಒಂದು ಶುಕ್ರವಾರ ಬೆಟ್ಟ ಹತ್ತಬೇಕು’: ಚಾಮುಂಡಿ ಎಂಬ ಹೆಸರನ್ನು ಸೇರಿಸಿ ಹೇಳುವವರು ಹೊರಗಿನವರು. ಊರಿನ ಆಗ್ನೇಯಕ್ಕೆ ಒಂಟಿಯಾಗಿ ಕೂತಿರುವ ಈ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ. ಊರೇ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮ ಕಣ್ಣಿಗೆ ಬೀಳುವ ಬೆಟ್ಟ ಹೆಚ್ಚುಕಡಿಮೆ 300 ಮೀಟರಿನದು. 1,900 ಮೀಟರ್ ದಾಟುವ ಮುಳ್ಳಯ್ಯನಗಿರಿಯ ಪಕ್ಕದಲ್ಲಿಟ್ಟರೆ ಇದು ಗಿಡ್ಡ. ಆದರೆ ಮುಳ್ಳಯ್ಯನಗಿರಿಗೆ ಅಣ್ಣತಮ್ಮಂದಿರಿದ್ದಾರೆ, ಇದಕ್ಕಿಲ್ಲ. ಸುತ್ತ ಬಯಲು, ನಡುವೆ ಇದೊಂದೇ. ಅದಕ್ಕೇ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಬೆಟ್ಟದ ಬಗ್ಗೆ ಮಾತು ತೆಗೆದವರು ಸಾಮಾನ್ಯವಾಗಿ ನೇರವಾಗಿ ತುದಿಗೆ ಹೋಗಿಬಿಡುತ್ತಾರೆ: ಗೋಪುರ, ಗರ್ಭಗುಡಿ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರ. ಆದರೆ ಈ ಬೆಟ್ಟದ ಕಥೆ ಹೆಚ್ಚಾಗಿ ನಡೆದಿರುವುದು, ಈಗಲೂ ನಡೆಯುತ್ತಿರುವುದು, ಅದರ ಮಗ್ಗುಲಲ್ಲಿ. ಮಳೆ ಬಿದ್ದು ಹರಿಯುವುದು ಅಲ್ಲಿ, ಕಾಡು ನಿಂತಿರುವುದು ಅಲ್ಲಿ, ಮಣ್ಣು ಜಾರುವುದೂ ಅಲ್ಲಿ.

ಮೊದಲು ಕಲ್ಲಿನ ಮಾತು. ಮೈಸೂರು ಸೀಮೆಯ ಅಡಿಪಾಯ ನೈಸ್ ಎಂಬ ಪಟ್ಟೆಪಟ್ಟೆಯ ಬಂಡೆ, ವಯಸ್ಸು ಸುಮಾರು 300 ಕೋಟಿ ವರ್ಷ. ಬೆಟ್ಟದ ಬಂಡೆ ಅದಲ್ಲ, ಗ್ರಾನೈಟ್. ಸುಮಾರು 80 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾಪಾಕ ನೈಸನ್ನು ಭೇದಿಸಿಕೊಂಡು ಬಂತು. ನೆಲದ ಮೇಲಕ್ಕೆ ಉಕ್ಕದೆ ಆಳದಲ್ಲೇ ನಿಂತು ಮೆಲ್ಲಗೆ ತಣಿಯಿತು. ‘ಚಾಮುಂಡಿ ಬೆಟ್ಟ ಹಿಂದೆ ಜ್ವಾಲಾಮುಖಿಯಾಗಿತ್ತಂತೆ’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದಲ್ಲ, ಅದು ತಪ್ಪು. ಜ್ವಾಲಾಮುಖಿಯ ಕಲ್ಲು ಬೇಗ ತಣಿಯುವುದರಿಂದ ನುಣ್ಣಗಿರುತ್ತದೆ, ಅದರ ಹರಳುಗಳು ಬರಿಗಣ್ಣಿಗೆ ಕಾಣುವುದು ಕಷ್ಟ. ಇಲ್ಲಿನ ಹೊಸದಾಗಿ ಒಡೆದ ಕಲ್ಲನ್ನು ಬಿಸಿಲಿಗೆ ಹಿಡಿದರೆ ನಸುಗೆಂಪು ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ಅಲ್ಲಲ್ಲಿ ಕಪ್ಪು ಚುಕ್ಕೆ, ಎಲ್ಲವೂ ಬೇರೆಬೇರೆಯಾಗಿ ಕಾಣುತ್ತವೆ. ಮೆಲ್ಲಗೆ ತಣಿದದ್ದರ ಗುರುತು ಅದು. ರಾಮನಗರದ ಬಂಡೆಗಳೂ ಗ್ರಾನೈಟೇ. ಆದರೆ ಅವುಗಳಿಗೆ ಸುಮಾರು 250 ಕೋಟಿ ವರ್ಷ. ಆ ಲೆಕ್ಕದಲ್ಲಿ ನಮ್ಮ ಬೆಟ್ಟ ಇನ್ನೂ ಎಳೆಯದು.

ಆಳದಲ್ಲಿದ್ದದ್ದು ಮೇಲೆ ಬಂದದ್ದು ಹೇಗೆ? ಬೆಟ್ಟ ಎದ್ದು ಬರಲಿಲ್ಲ, ಸುತ್ತಲಿನ ನೆಲ ಇಳಿಯಿತು. ಕೋಟಿಗಟ್ಟಲೆ ವರ್ಷ ಮಳೆ ಗಾಳಿ ಬಿಸಿಲು ನೈಸನ್ನು ಸವೆಸಿದಷ್ಟು ಬೇಗ ಈ ಗ್ರಾನೈಟನ್ನು ಸವೆಸಲಾಗಲಿಲ್ಲ. ಬಯಲಿನ ನಡುವೆ ಗಟ್ಟಿ ಕಲ್ಲೊಂದು ಉಳಿದುಕೊಂಡಿತು, ಅಷ್ಟೆ.

ಗಟ್ಟಿ ಎಂದರೆ ಸವೆಯುವುದೇ ಇಲ್ಲ ಎಂದಲ್ಲ. ಮೇಲಿನ ಭಾರ ಕಳೆದುಕೊಂಡ ಗ್ರಾನೈಟ್ ಹಿಗ್ಗಿ, ಈರುಳ್ಳಿ ಸಿಪ್ಪೆಯಂತೆ ಪದರಪದರವಾಗಿ ಬಿಡುತ್ತದೆ. ಬಂಡೆಯಲ್ಲಿ ಅಡ್ಡ ಉದ್ದ ಸೀಳುಗಳಿರುತ್ತವೆ. ನೀರು ಸೀಳಿನಲ್ಲಿ ಇಳಿದು ಫೆಲ್ಡ್‌ಸ್ಪಾರನ್ನು ಕೊಳೆಸಿ ಜೇಡಿ ಮಾಡುತ್ತದೆ. ಬೆಣಚು ಮಾತ್ರ ಕರಗದೆ ಮರಳಾಗಿ ಉದುರುತ್ತದೆ. ಹೀಗೆ ಸೀಳುಗಳ ಸುತ್ತ ಕಲ್ಲು ಗೊರಚಾಗುತ್ತದೆ, ನಡುವಿನದು ಉಂಡೆಯಾಗಿ ಉಳಿಯುತ್ತದೆ. ಬೆಟ್ಟದ ಮಗ್ಗುಲಿನ ಗುಂಡುಗಳು ಯಾರೋ ಉರುಳಿಸಿಟ್ಟವಲ್ಲ, ನಿಂತಲ್ಲೇ ಉಂಡೆಯಾದವು. ಅವುಗಳ ಬುಡದಲ್ಲಿರುವುದು ಈ ಗೊರಚು ಮತ್ತು ಕೆಮ್ಮಣ್ಣು. ಒಣಗಿದಾಗ ಗುದ್ದಲಿಗೂ ಜಗ್ಗದ ಮಣ್ಣು ಇದು, ನೆನೆದು ತುಂಬಿದಾಗ ಗಂಜಿ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಬೆಟ್ಟದಲ್ಲಿ ಮುಂದೆ ಆದದ್ದರಲ್ಲಿ ಅರ್ಧ ತಾನಾಗಿ ತಿಳಿಯುತ್ತದೆ.

ನೀರಿನ ಲೆಕ್ಕ ಹೀಗಿದೆ. ಬೆಟ್ಟದ ಉತ್ತರಕ್ಕೆ ಕಾವೇರಿ, ದಕ್ಷಿಣಕ್ಕೆ ಕಪಿಲೆ, ಅಂದರೆ ಕಬಿನಿ. ನಡುವಿನ ಎತ್ತರದ ನೆಲದ ಮೇಲೆ ಮೈಸೂರು. ಊರಿನ ಕಡೆಗೆ ಇಳಿಯುವ ಮಳೆನೀರು ಕಾಲ ಬುಡದ ಕಾರಂಜಿ ಕೆರೆಗೆ ಸೇರಬೇಕಾದದ್ದು. ಪಡುವಣ ಮಗ್ಗುಲಿನ ಕೆಳಗೆ ದಳವಾಯಿ ಕೆರೆ, ಅಲ್ಲಿಂದ ಮುಂದೆ ಹರಿವು ಕಪಿಲೆಯ ಕಡೆಗೆ. ತುದಿಗೆ ಹತ್ತಿರವೇ ದೇವಿಕೆರೆ ಇದೆ. ದಸರಾ ಮುಗಿದ ಮೇಲೆ ರಥೋತ್ಸವ, ಅದರ ಬೆನ್ನಿಗೆ ತೆಪ್ಪೋತ್ಸವ ನಡೆಯುವುದು ಇಲ್ಲೇ. ಕಲ್ಲುಬೆಟ್ಟದ ತಲೆಯ ಮೇಲೆ ಕೆರೆ ಹೇಗೆ ನಿಲ್ಲುತ್ತದೆ ಎಂದರೆ, ಕೆಳಗಿನ ಗಟ್ಟಿ ಬಂಡೆ ತಟ್ಟೆಯಂತೆ ನೀರು ಹಿಡಿಯುತ್ತದೆ, ಸುತ್ತಲಿನ ಸೀಳು ಗೊರಚು ಒರತೆಯಾಗಿ ಊಡುತ್ತದೆ. ಬೆಟ್ಟದ ಮೇಲೆ ಜನ ನೆಲೆಸಲು ಸಾಧ್ಯವಾದದ್ದಕ್ಕೆ ದೇವಿಯ ಕೃಪೆಯ ಜೊತೆ ಈ ತಟ್ಟೆಗೂ ಸ್ವಲ್ಪ ಪಾಲು ಕೊಡಬೇಕು.

ಈಗ ಹೆಸರು. ಚಾಮುಂಡಿ ಈ ಬೆಟ್ಟದ ಮೊದಲ ಒಡತಿಯಲ್ಲ. ಇದು ಮಹಾಬಲೇಶ್ವರನ ಬೆಟ್ಟ, ಮಹಾಬಲಾದ್ರಿ. ಹೊಯ್ಸಳ ವಿಷ್ಣುವರ್ಧನನ ಕಾಲದ, 1128ರ ಶಾಸನ ಹೇಳುವುದು ‘ಮಾರ್ಬಳ ತೀರ್ಥ’ಕ್ಕೆ ಬಿಟ್ಟ ದತ್ತಿಯನ್ನು. ಆ ಮಹಾಬಲೇಶ್ವರನ ಗುಡಿ ಇಂದಿಗೂ ಇದೆ, ದೇವಿಯ ಗುಡಿಯಿಂದ ನಾಲ್ಕು ಹೆಜ್ಜೆ. ಸಾವಿರಾರು ಜನರ ಸರತಿ ದೇವಿಯ ಮುಂದೆ ಹಾವಿನಂತೆ ಸುತ್ತಿರುವಾಗಲೂ ಇಲ್ಲಿ ನಾಲ್ಕು ಜನ ಸಿಕ್ಕರೆ ಹೆಚ್ಚು. ಹಳೆಯ ಕಲ್ಲುಕೆಲಸ ನೋಡಬೇಕೆನ್ನುವವರು ಮೊದಲು ಹೋಗಬೇಕಾದದ್ದು ಈ ಗುಡಿಗೇ. ದೇವಿಯ ಗುಡಿಯ ಏಳು ಅಂತಸ್ತಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದಾಗಿನದು. ಶಾಸನಕ್ಕೂ ಗೋಪುರಕ್ಕೂ ನಡುವೆ ಸುಮಾರು 700 ವರ್ಷ ಇದೆ. ಮುಮ್ಮಡಿಯವರು 1848ರಲ್ಲಿ ದೇವಿಗೆ ಸಿಂಹವಾಹನವನ್ನೂ ಒಪ್ಪಿಸಿದರು. ರಾಣಿಯರೊಡನೆ ಕೈಮುಗಿದು ನಿಂತ ಅವರ ಆಳೆತ್ತರದ ಮೂರ್ತಿ ಗುಡಿಯೊಳಗೆ ಇದೆ. ಮಹಿಷಾಸುರನ ಬಣ್ಣದ ವಿಗ್ರಹವಂತೂ ತೀರ ಈಚಿನದು. ಬೆಟ್ಟದ ಮೇಲೆ ಅತಿ ಹೆಚ್ಚು ಫೋಟೋ ತೆಗೆಸಿಕೊಳ್ಳುವ ಅದಕ್ಕೇ ಇಲ್ಲಿ ವಯಸ್ಸು ಕಡಿಮೆ.

ಒಡೆಯರಿಗೂ ಬೆಟ್ಟಕ್ಕೂ ನಂಟು ಮೈಸೂರು ಇನ್ನೂ ಸಣ್ಣ ಪಾಳೆಯಪಟ್ಟಾಗಿದ್ದ ದಿನದಿಂದ ಇದೆ. 1572ರಿಂದ 1576ರವರೆಗೆ ಆಳಿದ ಚಾಮರಾಜ ಒಡೆಯರಿಗೆ ‘ಬೋಳ’ ಎಂಬ ವಿಶೇಷಣ ಅಂಟಿತು. ಪರಂಪರೆಯ ಕಥೆಯ ಪ್ರಕಾರ ಬೆಟ್ಟಕ್ಕೆ ಪೂಜೆಗೆ ಹೋದಾಗ ಸಿಡಿಲು ಬಡಿದು ತಲೆಗೂದಲು ಸುಟ್ಟಿತು, ಜೀವ ಉಳಿಯಿತು. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಬಯಲಿನ ನಡುವೆ ಮುನ್ನೂರು ಮೀಟರ್ ಎದ್ದು ನಿಂತ ಒಂಟಿ ಬೆಟ್ಟ ಸಿಡಿಲಿಗೆ ಮೊದಲ ಗುರಿ ಎಂಬುದಂತೂ ಭೌತಶಾಸ್ತ್ರ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಮೂಡಣದಲ್ಲಿ ಮೋಡ ಕಟ್ಟುತ್ತಿದ್ದರೆ ಮೆಟ್ಟಿಲ ಮೇಲೆ ಇರಬಾರದು. ಇದ್ದರೂ ಬೋಳು ಬಂಡೆಯ ಮೇಲಾಗಲಿ ಒಂಟಿ ಮರದ ಕೆಳಗಾಗಲಿ ನಿಲ್ಲಬಾರದು.

ಮೆಟ್ಟಿಲು ಹಾಕಿಸಿದವರು ದೊಡ್ಡದೇವರಾಜ ಒಡೆಯರು, 1664ರಲ್ಲಿ. ಅವರ ಆಳ್ವಿಕೆ 1659ರಿಂದ 1673. ಆಗ ರಾಜಧಾನಿ ಇದ್ದದ್ದು ಶ್ರೀರಂಗಪಟ್ಟಣದಲ್ಲಿ. ಮೈಸೂರು ಮತ್ತೆ ರಾಜಧಾನಿಯಾದದ್ದು 1799ರಲ್ಲಿ. ರಾಜಧಾನಿ ಇಲ್ಲದ ಊರಿನ ಬೆಟ್ಟಕ್ಕೆ ಇಷ್ಟು ದೊಡ್ಡ ಕೆಲಸ ಮಾಡಿಸಿದ್ದು ಗಮನಿಸಬೇಕಾದ ಸಂಗತಿ.

ಸಂಖ್ಯೆ ಸಾವಿರ ಎಂಬುದು ವಾಡಿಕೆ, 1,008 ಎನ್ನುವವರೂ ಇದ್ದಾರೆ. ಎಣಿಸುತ್ತ ಹತ್ತಿದ ಇಬ್ಬರ ಲೆಕ್ಕ ಒಂದಾಗುವುದಿಲ್ಲ. ಇಳಿಜಾರು ಹಾಸುಗಲ್ಲನ್ನು ಮೆಟ್ಟಿಲೆಂದು ಹಿಡಿಯಬೇಕೋ ಬೇಡವೋ, ಎರಡಾಗಿ ಸೀಳಿದ್ದನ್ನು ಒಂದೆನ್ನಬೇಕೋ ಎರಡೆನ್ನಬೇಕೋ ಎಂಬಲ್ಲಿ ಲೆಕ್ಕ ತಪ್ಪುತ್ತದೆ. ಸುಮಾರು ಮುನ್ನೂರು ಮೀಟರಿನ ಏರನ್ನು ಸಾವಿರಕ್ಕೆ ಹಂಚಿದರೆ ಮೆಟ್ಟಿಲೊಂದಕ್ಕೆ ಹತ್ತಿರಹತ್ತಿರ ಒಂದಡಿ ಬೀಳುತ್ತದೆ. ಮನೆಯ ಮೆಟ್ಟಿಲು ಆರೇಳು ಇಂಚು. ನಡುನಡುವೆ ಹಾಸುಗಳು ಇರುವುದರಿಂದ ಎಲ್ಲವೂ ಒಂದಡಿಯಲ್ಲ, ಆದರೂ ಮೊದಲ ಮುನ್ನೂರು ಮೆಟ್ಟಿಲಲ್ಲಿ ತೊಡೆ ಈ ವ್ಯತ್ಯಾಸವನ್ನು ತಾನೇ ಲೆಕ್ಕ ಹಾಕುತ್ತದೆ. ಹೊಸಬರು ಎಡವುವುದು ಇಲ್ಲೇ: ಉತ್ಸಾಹದಲ್ಲಿ ಬುಡದ ಕಡಿದಾದ ಭಾಗವನ್ನು ಓಡಿಕೊಂಡು ಹತ್ತಿ, ಕಾಲು ಭಾಗಕ್ಕೇ ದಮ್ಮು ಕಟ್ಟಿ ಕೂರುತ್ತಾರೆ. ಮಾತಾಡುತ್ತ ಹತ್ತಲಾಗುವ ವೇಗ ಸರಿಯಾದ ವೇಗ. ಆ ವೇಗದಲ್ಲಿ 45 ನಿಮಿಷದಿಂದ ಒಂದು ಗಂಟೆ. ಇಳಿಯುವಾಗ ದಮ್ಮಿಗೆ ಆರಾಮ, ಮಂಡಿಗೆ ಕಷ್ಟ. ಒಂದಡಿಯ ಮೆಟ್ಟಿಲಿನಿಂದ ಧೊಪ್ಪೆಂದು ಬಿದ್ದ ಮೈಭಾರವೆಲ್ಲ ಮಂಡಿಚಿಪ್ಪಿಗೇ. ಮಂಡಿನೋವಿನವರು ಹತ್ತಿ ಹೋಗಿ 201ನೇ ನಂಬರಿನ ಬಸ್ಸಿನಲ್ಲಿ ಇಳಿಯುವುದು ಜಾಣತನ. ಹೆಚ್ಚಿನವರು ಇದರ ತಿರುವುಮುರುವು ಮಾಡುತ್ತಾರೆ.

ಮೂರೂವರೆ ಶತಮಾನ ಪಾದ ಸವೆಸಿದ ಕಲ್ಲು ಒಣಗಿದ್ದಾಗಲೂ ನುಣುಪು. ಅದರ ಮೇಲೆ ಹರಕೆಯವರು ಮೆಟ್ಟಿಲುಮೆಟ್ಟಿಲಿಗೂ ಹಚ್ಚಿದ ಅರಿಸಿನ ಕುಂಕುಮ, ಅದಕ್ಕೆ ಆಷಾಢದ ತುಂತುರು. ಶುಕ್ರವಾರ ಮಧ್ಯಾಹ್ನ ಇಳಿಯುವವರು ಜಾರುವುದು ಇದರಿಂದ. ತುಂತುರಿದ್ದ ದಿನ ಮೆಟ್ಟಿಲಿನ ನಡುವಿಗಿಂತ ಅಂಚು ವಾಸಿ, ಅಲ್ಲಿ ಕಲ್ಲು ಇನ್ನೂ ಒರಟಾಗಿದೆ. ಬೆಳಗಿನ ಎಂಟರೊಳಗೆ ಹತ್ತಿ ಮುಗಿಸಿದರೆ ನೆರಳಿರುತ್ತದೆ. ನಸುಕಿಗೆ ಮುಂಚೆ, ಮುಸ್ಸಂಜೆಯ ನಂತರ ಒಬ್ಬರೇ ಹೋಗುವುದು ಬೇಡ, ಚಿರತೆಗಳಿವೆ.

ಏಳುನೂರನೇ ಮೆಟ್ಟಿಲ ಆಸುಪಾಸು ನಂದಿ. ಅಲ್ಲೇ ಇದ್ದ ಒಂದೇ ಬಂಡೆಯಲ್ಲಿ ಕೊರೆದದ್ದು. ಎತ್ತರ ಸುಮಾರು 16 ಅಡಿ, ಉದ್ದ ಸುಮಾರು 25 ಅಡಿ. ಇದೂ ದೊಡ್ಡದೇವರಾಜರ ಕಾಲದ್ದೇ. ಕಪ್ಪು ಬಣ್ಣ ಕಲ್ಲಿನದಲ್ಲ, ತಲೆತಲಾಂತರದಿಂದ ಬಳಿದ ಎಣ್ಣೆಯದು. ಕೊರಳ ಗಂಟೆಸರ ಬಳಿ ನಿಂತು ನೋಡಿದರೆ ಸಾಲದು, ಹಿಂದಿನ ಸಣ್ಣ ಗವಿಯಲ್ಲಿ ಶಿವಲಿಂಗವಿದೆ, ಬಗ್ಗಿ ಒಳಗೆ ಹೋಗಬೇಕು. ದೇವಿಯ ವಾಹನ ಸಿಂಹ. ಅವಳ ದಾರಿಯ ನಡುವೆ ಬಸವ ಯಾಕೆ ಕೂತಿದ್ದಾನೆ ಎಂಬ ಪ್ರಶ್ನೆಗೆ ಮಹಾಬಲಾದ್ರಿ ಎಂಬ ಹಳೆಯ ಹೆಸರಿಗಿಂತ ಒಳ್ಳೆಯ ಉತ್ತರ ಸಿಗಲಾರದು. ಒಡತಿ ಬದಲಾದರೂ ಬಸವ ಎದ್ದು ಹೋಗಲಿಲ್ಲ.

ಈ ಮೆಟ್ಟಿಲ ದಾರಿಯನ್ನು ಎಂಜಿನಿಯರನ ಕಣ್ಣಿನಿಂದ ನೋಡಬೇಕು. ಅದು ಏರಿಗೆ ಎದುರಾಗಿ ಹತ್ತುತ್ತದೆ. ನೀರು ಇಳಿಯುವುದೂ ಅದೇ ದಿಕ್ಕಿಗೆ. ಆದ್ದರಿಂದ ದಾರಿ ನೀರಿಗೆ ಅಡ್ಡ ನಿಲ್ಲುವುದಿಲ್ಲ, ಮಳೆ ಅದರ ಮೇಲೂ ಪಕ್ಕದಲ್ಲೂ ಹರಿದು ಹೋಗುತ್ತದೆ. ಅಗಲ ಕಿರಿದು, ಹಾಸಿದ್ದು ಬೆಟ್ಟದ್ದೇ ಜಾತಿಯ ಕಲ್ಲು, ಬಹಳ ಕಡೆ ಕೂತಿರುವುದು ಬಂಡೆಯ ಮೇಲೆಯೇ. ಕೆಟ್ಟರೆ ಒಂದೆರಡು ಕಲ್ಲು ಕೆಡುತ್ತವೆ, ಬೆಟ್ಟ ಕೆಡುವುದಿಲ್ಲ.

ಮೋಟಾರು ರಸ್ತೆಯ ಜಾಯಮಾನವೇ ಬೇರೆ. ವಾಹನಕ್ಕೆ ಹದವಾದ ಏರು ಬೇಕು, ಹಾಗಾಗಿ ರಸ್ತೆ ಮಗ್ಗುಲಿಗೆ ಅಡ್ಡಡ್ಡ ಸುತ್ತುತ್ತ ಹೋಗಬೇಕು. ಮೇಲಿನ ಬದಿಯನ್ನು ಕಡಿದು ತೆಗೆದ ಮಣ್ಣನ್ನು ಕೆಳಗಿನ ಬದಿಗೆ ತುಂಬಿ, ಅದು ಜಾರದಂತೆ ತಡೆಗೋಡೆ ಕಟ್ಟುತ್ತಾರೆ. ಅರ್ಧ ರಸ್ತೆ ಗಟ್ಟಿ ನೆಲದ ಮೇಲೆ, ಉಳಿದರ್ಧ ತುಂಬಿದ ಮಣ್ಣಿನ ಮೇಲೆ. ಮೇಲಿನ ಇಡೀ ಮಗ್ಗುಲಿನ ನೀರು ಈಗ ಚರಂಡಿಗೆ ಬಂದು, ರಸ್ತೆಯಡಿಯಲ್ಲಿ ಹಾಯುವ ಮೋರಿ ಇರುವಲ್ಲಿ ಮಾತ್ರ ದಾಟಬೇಕು. ಮೋರಿಯ ಬಾಯಲ್ಲಿ ತರಗೆಲೆ, ನೀರಿನ ಬಾಟಲಿ, ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡರೆ ನೀರು ರಸ್ತೆ ಹಾಯ್ದು ತುಂಬಿದ ಮಣ್ಣಿನೊಳಕ್ಕೆ ಇಳಿಯುತ್ತದೆ. ಗೋಡೆಯಲ್ಲಿ ಬಸಿಗಂಡಿಗಳು ಸಾಲದಿದ್ದರೆ, ಇದ್ದವೂ ಮುಚ್ಚಿಹೋಗಿದ್ದರೆ, ಗೋಡೆಯ ಹಿಂದೆ ನೀರು ಕಟ್ಟುತ್ತದೆ. ಮಣ್ಣಿನ ತೂಕ ಹೊರಲು ಕಟ್ಟಿದ ಗೋಡೆ ಮಣ್ಣಿನ ಜೊತೆ ನೀರಿನ ಒತ್ತಡವನ್ನೂ ಹೊರಬೇಕಾಗಿ ಬಂದಾಗ ಹೊಟ್ಟೆ ಉಬ್ಬಿ, ಒಂದು ರಾತ್ರಿ ಬೀಳುತ್ತದೆ.

2021ರ ಅಕ್ಟೋಬರಿನಲ್ಲಿ ನಂದಿಗೆ ಹೋಗುವ ರಸ್ತೆ ಕುಸಿದಾಗ ಬಹಳ ಜನ ‘ಭಾರೀ ಮಳೆ’ ಎಂದರು. ಅದೇ ರಸ್ತೆ ನವೆಂಬರಿನಲ್ಲಿ ಮತ್ತೆ ಕುಸಿಯಿತು. 2019ರಲ್ಲೂ ಕುಸಿದಿತ್ತು. ಮಳೆ ನೆಪ. ಮೈಸೂರಿಗೆ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್, ಮಲೆನಾಡಿನ ಮುಂದೆ ಏನೂ ಅಲ್ಲ. ಆದರೆ ಅದು ಬೀಳುವ ರೀತಿ ಬೇರೆ. ಮುಂಗಾರಿನ ಮೂರು ತಿಂಗಳು ಇಲ್ಲಿ ಸೋನೆ. ದಪ್ಪ ಹನಿಯ ಮಳೆ ಬರುವುದು ಮೇ ತಿಂಗಳಿನಲ್ಲಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಮೇ ಮಳೆ ಒಣನೆಲಕ್ಕೆ ಬೀಳುತ್ತದೆ, ಬೆಟ್ಟ ಕುಡಿಯುತ್ತದೆ. ಅಕ್ಟೋಬರಿನ ಮಳೆ ನಾಲ್ಕು ತಿಂಗಳು ನೆನೆದು ತುಂಬಿದ ಗೊರಚಿನ ಮೇಲೆ ಬೀಳುತ್ತದೆ, ಕುಡಿಯಲು ಜಾಗವಿಲ್ಲ. ಆದ್ದರಿಂದ ಚರಂಡಿ ಮೋರಿಗಳ ಹೂಳೆತ್ತುವುದಿದ್ದರೆ ಒಂದು ಸಲ ಮುಂಗಾರಿಗೆ ಮುಂಚೆ, ಇನ್ನೊಂದು ಸಲ ಆಗಸ್ಟ್ ಕೊನೆಗೆ. ಎರಡನೆಯದೇ ಮುಖ್ಯ, ಸಾಮಾನ್ಯವಾಗಿ ಮರೆಯುವುದೂ ಅದನ್ನೇ. ರಸ್ತೆಯ ಹೊರ ಅಂಚಿಗೆ ಸಮಾನಾಂತರವಾಗಿ ಉದ್ದುದ್ದ ಬಿರುಕು ಕಂಡರೆ, ಅಂಚಿನ ಕಂಬಗಳು ಕಣಿವೆಯ ಕಡೆ ವಾಲಿದ್ದರೆ, ತುಂಬಿದ ಮಣ್ಣು ಜರುಗಲು ಶುರುವಾಗಿದೆ ಎಂದೇ ಅರ್ಥ. ಅಂಥ ಬಿರುಕಿಗೆ ಬರೀ ಡಾಂಬರು ಮೆತ್ತುವುದು ಗಾಯಕ್ಕೆ ಬಣ್ಣ ಬಳಿದಂತೆ.

ರಸ್ತೆಯ ಮಾತು ಬಂದದ್ದರಿಂದ ಸವಾರರಿಗೆ ಒಂದು ಮಾತು. ಹತ್ತುವಾಗಿಗಿಂತ ಇಳಿಯುವಾಗ ಎಚ್ಚರ ಬೇಕು. ಗೇರಿಲ್ಲದ ಸ್ಕೂಟರಿನಲ್ಲಿ ಇಬ್ಬರು ಕೂತು ಬ್ರೇಕ್ ಅದುಮಿಕೊಂಡೇ ಇಳಿದರೆ ಡ್ರಮ್ ಕಾದು ಕೊನೆಯ ತಿರುವುಗಳಲ್ಲಿ ಹಿಡಿತ ತಪ್ಪುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು, ನಡುವೆ ವ್ಯೂ ಪಾಯಿಂಟಿನಲ್ಲಿ ಐದು ನಿಮಿಷ ನಿಲ್ಲಿಸಬೇಕು. ಕಾರಾದರೆ ಎರಡನೇ ಗೇರು. ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸುವವರ ಜೊತೆ ಕೂರಲೇಬೇಡಿ. ಆಷಾಢ ಶುಕ್ರವಾರಗಳಲ್ಲಿ ಈ ಚಿಂತೆ ಇಲ್ಲ, ಖಾಸಗಿ ವಾಹನಗಳನ್ನು ಲಲಿತಮಹಲ್ ಬಳಿಯ ಹೆಲಿಪ್ಯಾಡಿನಲ್ಲೇ ತಡೆದು ಬಸ್ಸಿಗೆ ಹತ್ತಿಸುತ್ತಾರೆ. ವರ್ಷದ ಬಾಕಿ ಭಾನುವಾರಗಳಿಗೂ ಇದನ್ನೇ ವಿಸ್ತರಿಸಿದರೆ ರೋಪ್‌ವೇ ಬೇಕೋ ಬೇಡವೋ ಎಂಬ, ಪದೇ ಪದೇ ಎದ್ದು ಪದೇ ಪದೇ ಮಲಗುವ, ಚರ್ಚೆಯೇ ಬೇಕಾಗುವುದಿಲ್ಲ.

ಮಗ್ಗುಲಿನ ಕಾಡು ಸುಮಾರು ಒಂದೂವರೆ ಸಾವಿರ ಎಕರೆಯ ಮೀಸಲು ಅರಣ್ಯ. ಜಾಲಿ, ಕಕ್ಕೆ, ಬೇವು, ಅಲ್ಲೊಂದು ಇಲ್ಲೊಂದು ಗಂಧ, ಎಲ್ಲದರ ಮೇಲೂ ಲಂಟಾನ. ಎಲೆ ಉದುರಿಸುವ ಕುರುಚಲು ಕಾಡು. ಮಾರ್ಚಿನಲ್ಲಿ ನೋಡಿದವರು ‘ಬೋಳು ಗುಡ್ಡ’ ಎನ್ನುತ್ತಾರೆ, ಆಗಸ್ಟಿನಲ್ಲಿ ಅದೇ ಗುಡ್ಡದಲ್ಲಿ ದಾರಿ ಕಾಣುವುದಿಲ್ಲ. ಈ ಬೋಳನ್ನು ಕಂಡು ಕನಿಕರಪಟ್ಟು ದಪ್ಪ ನೆರಳಿನ ಮರ ನೆಡಲು ಹೊರಡುವುದು ಒಳ್ಳೆಯ ಮನಸ್ಸಿನ ತಪ್ಪು. ಒಂದಡಿ ಗೊರಚಿನ ಕೆಳಗೆ ಬಂಡೆ, ಅಲ್ಲಿ ನಿಲ್ಲುವುದು ಅಲ್ಲಿಯದೇ ಗಿಡ. ಬೇಸಿಗೆಯ ದೊಡ್ಡ ಭಯ ಬೆಂಕಿ. 2025ರ ಫೆಬ್ರುವರಿಯಲ್ಲೂ ಬೆಟ್ಟ ಉರಿಯಿತು. ಬೆಂಕಿ ಇಳಿಜಾರಿಗಿಂತ ಏರಿಗೆ ಬೇಗ ಓಡುತ್ತದೆ, ಏಕೆಂದರೆ ಮೇಲೇರುವ ಬಿಸಿಗಾಳಿ ಮುಂದಿನ ಹುಲ್ಲನ್ನು ಮೊದಲೇ ಒಣಗಿಸಿಟ್ಟಿರುತ್ತದೆ. ಬುಡದಲ್ಲಿ ಎಸೆದ ಬೀಡಿ ತುಂಡು ತುದಿಯನ್ನು ಸುಡುವುದು ಹಾಗೆ. ಸುಟ್ಟ ಮಗ್ಗುಲಿಗೆ ಹಿಡಿದಿಡುವ ಹುಲ್ಲಿನ ಬೇರಿಲ್ಲ, ಮೇ ತಿಂಗಳ ಮೊದಲ ಮಳೆಗೆ ಆ ಮಣ್ಣು ನೇರ ಚರಂಡಿಗೆ, ಮೋರಿಗೆ. ಫೆಬ್ರುವರಿಯ ಬೆಂಕಿಗೂ ಅಕ್ಟೋಬರಿನ ಕುಸಿತಕ್ಕೂ ಹೀಗೆ ಒಳದಾರಿ ಇದೆ.

ಕಾಲ ಬುಡದ ಕಥೆ ಸರ್ವೆ ನಂಬರುಗಳ ಕಥೆ: ಕುರುಬಾರಹಳ್ಳಿ, ಆಲನಹಳ್ಳಿ, ಬಿ ಖರಾಬು (ಸಾಗುವಳಿಗೆ ಕೊಡದೆ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಮೀನು), ವರ್ಷಾನುಗಟ್ಟಲೆ ವ್ಯಾಜ್ಯ. ಅದಕ್ಕೆ ಕೈಹಾಕಿದರೆ ಈ ಬರಹ ಮುಗಿಯುವುದಿಲ್ಲ. ಒಂದನ್ನು ಮಾತ್ರ ಹೇಳಬಹುದು. ಬೆಟ್ಟದಿಂದ ಕೆರೆಗೆ ಇಳಿಯುವ ಕಾಲುವೆಯ ಮೇಲೆ ಬಡಾವಣೆ ಬಂದರೆ ಕೆರೆಗೆ ನೀರು ತಪ್ಪುತ್ತದೆ, ಬಡಾವಣೆಗೆ ತಪ್ಪುವುದಿಲ್ಲ.

ಎಲ್ಲರೂ ನೋಡುವುದು ಬೆಟ್ಟದ ಊರಿನ ಮುಖವನ್ನು: ಅರಮನೆ, ರೇಸ್ ಕೋರ್ಸಿನ ಹಸಿರು ವೃತ್ತ, ಲಲಿತಮಹಲಿನ ಬಿಳಿ ಗುಮ್ಮಟ, ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರ. ತೆಂಕಣ ಮುಖಕ್ಕೆ ಹೋಗುವವರು ಕಡಿಮೆ. ಆ ಕಡೆ ಇಳಿದರೆ ಉತ್ತನಹಳ್ಳಿ. ಅಲ್ಲಿನ ಅಮ್ಮ ಚಾಮುಂಡಿಯ ತಂಗಿ. ಜನಪದರ ಪ್ರಕಾರ ರಕ್ಕಸನ ಒಂದೊಂದು ಹನಿ ರಕ್ತಕ್ಕೂ ಹೊಸ ರಕ್ಕಸ ಹುಟ್ಟತೊಡಗಿದಾಗ ಸೋತ ಚಾಮುಂಡಿಯ ಬೆವರಿನಿಂದ ಎದ್ದವಳು ಇವಳು. ನಾಲಗೆಯನ್ನು ನೆಲಕ್ಕೆ ಹಾಸಿ, ಒಂದು ಹನಿಯೂ ಮಣ್ಣಿಗೆ ಬೀಳದಂತೆ ಹಿಡಿದಳು. ಇನ್ನೂ ದಕ್ಷಿಣಕ್ಕೆ, ಕಪಿಲೆಯ ದಂಡೆಯಲ್ಲಿ, ನಂಜನಗೂಡಿನ ನಂಜುಂಡ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಸೀಮೆಯ ಹಾಡುಗಳಲ್ಲಿ ಅವನಿಗೂ ಬೆಟ್ಟದ ಚಾಮುಂಡಿಗೂ ಗುಟ್ಟಿನ ಪ್ರೀತಿ, ಮನೆಯಲ್ಲಿ ಹೆಂಡತಿ ದೇವೀರಿಯ ಜಗಳ. ಪುರಾಣದ ಮಹಿಷಮರ್ದಿನಿಗೆ ಇದೆಲ್ಲ ಇಲ್ಲ. ಈ ಬೆಟ್ಟದ ಚಾಮುಂಡಿಗೆ ತಂಗಿ, ನಲ್ಲ, ಸವತಿ, ಎಲ್ಲರೂ ಇದ್ದಾರೆ, ಎಲ್ಲರ ಮನೆಯೂ ಬೆಟ್ಟದ ಮೇಲಿಂದ ಕಾಣುವಷ್ಟು ದೂರದಲ್ಲಿ.

ಮಳೆ ಬಿಟ್ಟ ಮರುದಿನದ ಬೆಳಗ್ಗೆ, ದೂಳು ಕೂತಿರುವಾಗ, ಆ ತೆಂಕಣ ಅಂಚಿನಲ್ಲಿ ನಿಲ್ಲಬೇಕು. ಹತ್ತಿರದಲ್ಲಿ ಉತ್ತನಹಳ್ಳಿಯ ಹೊಲಗಳು, ಆಚೆ ಕಪಿಲೆಯ ಬಯಲು, ಅದರಾಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯ ಸಾಲು, ಅದೃಷ್ಟವಿದ್ದರೆ ಇನ್ನೂ ಹಿಂದೆ ನೀಲಗಿರಿಯ ಮಸುಕು ಗೆರೆ. ಒಂಬತ್ತಾಗುವ ಹೊತ್ತಿಗೆ ಬಿಸಿಲಿನ ಝಳಕ್ಕೆ ನೀಲಗಿರಿ ಮೊದಲು ಅಳಿಸಿಹೋಗುತ್ತದೆ, ಆಮೇಲೆ ಗೋಪಾಲಸ್ವಾಮಿ.